ಜಾಲತಾಣಗಳಲ್ಲಿ ಮಾನಸಿಕ ಆರೋಗ್ಯ ಮಾಹಿತಿ

ಖಿನ್ನತೆ, ಆತಂಕ, ಕುಡಿತದ ಚಟ ಮುಂತಾದವುಗಳ ಬಗ್ಗೆ ಯೂಟ್ಯೂಬ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್‌ಗಳಲ್ಲಿ ಹರಡುವ ವಿಡಿಯೊ, ಬರಹ ಹಾಗೂ ಸ್ವಾನುಭವ ಕಥನಗಳ ಒಟ್ಟು ಹೆಸರು. ಕನ್ನಡದಲ್ಲಿ ಇದಕ್ಕೆ ಮುದ್ರಣದ ಹಿನ್ನೆಲೆಯಿದೆ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ಮನೋವೈದ್ಯ ಸಿ.ಆರ್. ಚಂದ್ರಶೇಖರ್ ದಶಕಗಳ ಕಾಲ ಪುಸ್ತಕ, ಲೇಖನಗಳಲ್ಲಿ ಇದೇ ಕೆಲಸ ಮಾಡಿದರು.

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6 ಮಂದಿಗೆ ಮಾನಸಿಕ ತೊಂದರೆಯಿತ್ತು. ಅವರಲ್ಲಿ ಬಹುಪಾಲು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ತೊಂದರೆಗೂ ಚಿಕಿತ್ಸೆಗೂ ನಡುವಿನ ಈ ಕಂದರವೇ ಇಂಥ ಮಾಹಿತಿಯ ಬೆಲೆಯನ್ನು ನಿರ್ಧರಿಸುತ್ತದೆ. ಬಾದಾಮಿ, ಹುನಗುಂದ, ಇಳಕಲ್ಲಿನಂಥ ಊರುಗಳಲ್ಲಿ ‘ತಲಿ ಕೆಟ್ಟೈತಿ’, ಗಾಳಿ, ಮಾಟ ಎನ್ನಿಸಿಕೊಳ್ಳುವ ಸಂಕಟಕ್ಕೆ ಚಿಕಿತ್ಸೆಯುಂಟು ಎಂಬುದು ನಾಲ್ಕು ಜನರ ಕಣ್ಣಿಗೆ ಬೀಳದೆ, ತಮ್ಮದೇ ಭಾಷೆಯಲ್ಲಿ ತಿಳಿಯುವುದು ಸಣ್ಣ ಲಾಭವಲ್ಲ. ಆದರೆ ಅರ್ಧ ನಿಮಿಷದ ವಿಡಿಯೊ ಲಕ್ಷಣವನ್ನು ಹೇಳಬಲ್ಲದು. ಆ ಲಕ್ಷಣ ಎಷ್ಟು ವಾರಗಳಿಂದ ಇದೆ, ಥೈರಾಯ್ಡ್ ದೋಷದಿಂದ ಬಂದುದೇ ಎಂದು ಪರೀಕ್ಷಿಸಲಾರದು. ನೋಡಿದ್ದನ್ನೇ ಮತ್ತೆ ಮತ್ತೆ ಒಡ್ಡುವ ಆಲ್ಗರಿದಮ್ ಅನುಮಾನವನ್ನು ರೋಗನಿರ್ಣಯವೆಂದು ನಂಬಿಸುತ್ತದೆ. ವೈದ್ಯರು ದೂರವಿರುವಲ್ಲಿ ಏನೂ ಇಲ್ಲದ್ದಕ್ಕಿಂತ ಇದು ಮೇಲು ಎಂಬ ವಾದ ಅರ್ಧ ಮಾತ್ರ ಸರಿ: 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರಿ ದೂರವಾಣಿ ಸಹಾಯ ಸೇವೆ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416ಕ್ಕೆ ಕರೆ ಮಾಡಿದರೆ, ಕೇಳಿಸಿಕೊಂಡು ಮರುಪ್ರಶ್ನೆ ಹಾಕುವ ಆಪ್ತಸಮಾಲೋಚಕರು ಕನ್ನಡದಲ್ಲೇ ಸಿಗುತ್ತಾರೆ.