ಹತ್ತು ಹಾಡುಗಳ ತಕರಾರು

ಅಮೆರಿಕದ ಈಗಲ್ಸ್ ರಾಕ್ ತಂಡದ ಮೊದಲ ನಾಲ್ಕು ಧ್ವನಿಮುದ್ರಿಕೆಗಳಿಂದ ಹತ್ತು ಹಾಡುಗಳನ್ನು ಆಯ್ದು, ಅಸೈಲಮ್ ಸಂಸ್ಥೆಯು 1976ರ ಫೆಬ್ರವರಿಯಲ್ಲಿ 'ದೇರ್ ಗ್ರೇಟೆಸ್ಟ್ ಹಿಟ್ಸ್' ಸಂಕಲನವನ್ನು ಹೊರತಂದಿತು. ಜನ ಮುಗಿಬಿದ್ದು ಕೊಂಡರು. ಅಮೆರಿಕದ ಧ್ವನಿಮುದ್ರಣೋದ್ಯಮ ಆ ವರ್ಷ ಆರಂಭಿಸಿದ 'ಪ್ಲಾಟಿನಮ್' ಮನ್ನಣೆ ಮೊಟ್ಟಮೊದಲು ಸಂದದ್ದು ಇದಕ್ಕೇ. 2018ರ ಹೊತ್ತಿಗೆ ಅದು 38 ಪಟ್ಟಾಯಿತು.

ಆದರೆ ಆಕ್ಷೇಪಣೆಯೂ ಇತ್ತು, ತಂಡದೊಳಗಿನಿಂದಲೇ. 1973ರ 'ಡೆಸ್ಪರಾಡೋ' ಪಶ್ಚಿಮ ಅಮೆರಿಕದ ದರೋಡೆಕೋರರ ಬದುಕನ್ನು ಒಂದೇ ಎಳೆಯಲ್ಲಿ ಹೆಣೆದ ಹಾಡುಗಳ ಮಾಲೆ. ಅದರಿಂದ ಎರಡನ್ನು ಕಿತ್ತು ಬೇರೆಡೆ ಪೋಣಿಸಿದರೆ ಕಥೆ ಉಳಿಯುವುದೆಲ್ಲಿ? ಪ್ರಶ್ನೆ ನ್ಯಾಯವಾದದ್ದೇ. ಆದರೂ ವಿದ್ಯಾರ್ಥಿಗಳು ಒಂದು ಸಂಗತಿಯನ್ನು ಗಮನಿಸಬೇಕು: ಆ ಮಾಲೆಯ ಶೀರ್ಷಿಕೆ ಗೀತೆ ಬಿಡಿ ತಟ್ಟೆಯಾಗಿ ಬಂದದ್ದೇ ಇಲ್ಲ, ಅದು ಎಷ್ಟೋ ಮನೆಗಳನ್ನು ಹೊಕ್ಕದ್ದು ಈ ಸಂಕಲನದ ಬೆನ್ನೇರಿಯೇ. (ಇದರಲ್ಲಿ 'ಹೋಟೆಲ್ ಕ್ಯಾಲಿಫೋರ್ನಿಯಾ' ಹುಡುಕುವವರಿಗೆ ಮಾತ್ರ ನಿರಾಸೆ ತಪ್ಪದು. ಅದು ಬಂದದ್ದು ಅದೇ ಡಿಸೆಂಬರಿನಲ್ಲಿ.)