ಮನೇಲೇ ಕೂತು ದುಡಿದೋರು

ವರ್ಕ್ ಫ್ರಮ್ ಹೋಮ್ ಅನ್ನೋದು 2020ರ ಲಾಕ್‌ಡೌನಲ್ಲಿ ಹುಟ್ಟಿದ್ದು ಅಂತ ನಮ್ಮನೆ ಹುಡುಗ್ರು ಅಂದ್ಕೊಂಡಿದಾರೆ. ನಾನು ಪೀಣ್ಯದ ಪಕ್ಕ ಲಗ್ಗೆರೇಲಿ ಬೆಳೆದೋಳು, ನನಗೆ ನಗು ಬರುತ್ತೆ. ನಮ್ಮಮ್ಮ, ಪಕ್ಕದ್ಮನೆ ಅಕ್ಕ, ಹಿಂದಿನ ಬೀದಿ ಅಜ್ಜಿ, ಎಲ್ರೂ ಮನೇಲೇ ಕೂತು ದುಡಿದೋರೇ. ಕಂಪನಿ ಬಸ್ಸು ಹತ್ಲಿಲ್ಲ, ಹಾಜರಿ ಹಾಕ್ಲಿಲ್ಲ. ಅದಕ್ಕೊಂದು ಇಂಗ್ಲಿಷ್ ಹೆಸ್ರು ಇರ್ಲಿಲ್ಲ, ಅಷ್ಟೆ. ಅವ್ರು ಮಾಡ್ತಿದ್ದಿದ್ದು ಊದ್ಗಡ್ಡಿ.

ನೋಡದೋರಿಗೆ ಒಂಚೂರು ಹೇಳ್ತೀನಿ. ಇದ್ದಿಲು ಪುಡಿ, ಮರದ ಪುಡಿ, ಅದ್ರ ಜೊತೆ ಜಿಗಟು. ಜಿಗಟು ಅಂದ್ರೆ ಒಂದು ಜಾತಿ ಮರದ ತೊಗಟೆ ಕುಟ್ಟಿದ ಪುಡಿ, ನೀರು ಬಿದ್ರೆ ಅಂಟು ಬರುತ್ತೆ. ಎಲ್ಲಾ ಸೇರಿಸಿ ಚಪಾತಿ ಹಿಟ್ಟಿನ ಹದಕ್ಕೆ ನಾದ್ಬೇಕು. ತಗ್ಗಿನ ಮಣೆ ಮುಂದೆ ಕಾಲು ಚಾಚಿ ಕೂತು, ಒಂದು ಚಿಟಿಕೆ ಮುದ್ದೆ, ಒಂದು ಬಿದಿರು ಕಡ್ಡಿ, ಅಂಗೈಯಲ್ಲಿ ಒಂದು ಉರುಳು. ಕೆಳಗಡೆ ಹಿಡ್ಕೊಳ್ಳೋ ಅಷ್ಟು ಜಾಗ ಬಿಡ್ಬೇಕು. ಲೆಕ್ಕವೆಲ್ಲ ಸಾವಿರದಲ್ಲಿ. ಏಜೆಂಟು ಸಾಮಾನು ತಂದು ಹಾಕ್ತಿದ್ದ, ಒಣಗಿದ ಕಟ್ಟು ಎಣಿಸಿ ತಗೊಂಡು ಹೋಗ್ತಿದ್ದ. ಮನೆಯೆಲ್ಲಾ ಘಮ್ ಅಂತಿತ್ತು ಅಂದ್ಕೋಬೇಡಿ. ಸುವಾಸನೆ ಎಣ್ಣೆಗೆ ಅದ್ದೋದು ಆಮೇಲೆ, ಫ್ಯಾಕ್ಟ್ರಿಯಲ್ಲಿ. ನಮ್ಮನೇಲಿ ಇದ್ದಿದ್ದು ಕರೀ ಧೂಳು ಮಾತ್ರ. ಹಬ್ಬದ ದಿನವೂ ಅಮ್ಮನ ಬೆರಳ ಸಂದೀಲಿ ಕಪ್ಪು ಹೋಗ್ತಿರ್ಲಿಲ್ಲ.

ಅದನ್ನ ಚಿನ್ನದ ಕಾಲ ಅಂತ ಹೇಳೋಕೆ ನಾನು ತಯಾರಿಲ್ಲ. ಸ್ಕೂಲಿಂದ ಬಂದ ಮಕ್ಕಳೂ ಮಣೆ ಮುಂದೆ ಕೂತ್ಕೋಬೇಕಿತ್ತು. ಮುರಿದ ಕಡ್ಡಿಗೆ ದುಡ್ಡಿಲ್ಲ. ಸೊಂಟ ನೋವು ಅಂದ್ರೆ ಕೇಳೋರಿಲ್ಲ. ಆದ್ರೆ ಒಂದು ಇತ್ತು. ಯಾರೂ ಒಬ್ಬೊಬ್ರೇ ಕೂತು ಹೊಸೀತಿರ್ಲಿಲ್ಲ. ಹನ್ನೊಂದು ಗಂಟೆಗೆ ಅಡುಗೆ ಮುಗಿಸಿ, ಮಣೆ ಎತ್ಕೊಂಡು ಯಾರ ಮನೆ ಜಗುಲೀಲಿ ನೆರಳಿದೆಯೋ ಅಲ್ಲಿಗೆ ಹೋಗೋರು. ಒಳಗಡೆ ರೇಡಿಯೋ, ಹೊರಗಡೆ ಮಾತು. ಕತ್ತು ಹಿಡಿದ್ರೆ ಒಬ್ರು ಎದ್ದು ಕಾಫಿಗಿಡೋರು. ಯಾರಾದ್ರೂ ಎರಡು ದಿನ ಜಗುಲಿಗೆ ಬರ್ಲಿಲ್ಲ ಅಂದ್ರೆ ಮೂರನೇ ದಿನ ಬಾಗಿಲು ಬಡಿಯೋರು. ಬಾಣಂತಿ ಲೆಕ್ಕಕ್ಕೆ ಅಮ್ಮ ಕೈಯಿಂದ ಇನ್ನೂರು ಮುನ್ನೂರು ಕಡ್ಡಿ ಸೇರಿಸಿದ್ದು ನಾನೇ ಕಂಡಿದ್ದೀನಿ.

ಅದೇ ಹೊತ್ತಲ್ಲಿ ನಮ್ಮ ಚಿಕ್ಕಮ್ಮ ಜಾಲಹಳ್ಳಿ ಎಚ್‌ಎಂಟಿ ಗಡಿಯಾರದ ಫ್ಯಾಕ್ಟ್ರಿಗೆ ಹೋಗ್ತಿದ್ರು. ಜಪಾನಿನ ಸಿಟಿಜನ್ ಕಂಪನಿ ಸಹಾಯದಿಂದ 1961ರಲ್ಲಿ ಶುರುವಾದದ್ದು ಅದು. ಗಡಿಯಾರದ ಸಣ್ಣ ಸಣ್ಣ ಭಾಗ ಜೋಡಿಸೋ ಕೆಲಸಕ್ಕೆ ಹೆಂಗಸ್ರು ಸಾಲಾಗಿ ಕೂರ್ತಿದ್ರು. ಚಿಕ್ಕಮ್ಮ ಸಂಬಳಕ್ಕಿಂತ ಕ್ಯಾಂಟೀನ್ ಸುದ್ದೀನೇ ಜಾಸ್ತಿ ಹೇಳೋರು. ಆ ಕ್ಯಾಂಟೀನ್ ಯಾರೋ ಪುಣ್ಯಾತ್ಮರು ದಯೆ ತೋರಿ ಕೊಟ್ಟದ್ದಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಬರೆದಿತ್ತು: ಐದು ಗಂಟೆಗಿಂತ ಹೆಚ್ಚು ಒಂದೇ ಸಮ ದುಡಿಸುವಂತಿಲ್ಲ, ನಡುವೆ ಕನಿಷ್ಠ ಅರ್ಧ ಗಂಟೆ ವಿರಾಮ ಕೊಡಬೇಕು. 250ಕ್ಕಿಂತ ಹೆಚ್ಚು ಕೆಲಸಗಾರರಿದ್ದರೆ ಕ್ಯಾಂಟೀನ್ ಕಡ್ಡಾಯ ಮಾಡಲು ಸರ್ಕಾರಕ್ಕೆ ಅಧಿಕಾರ. ಹೆಂಗಸರು 50ಕ್ಕಿಂತ ಹೆಚ್ಚಿದ್ದರೆ ಮಕ್ಕಳ ಕೋಣೆ ಇರಬೇಕು. 1976ರಲ್ಲಿ ಆ 50ನ್ನ 30ಕ್ಕೆ ಇಳಿಸಿದರು. ಅಂದ್ರೆ ಸುಸ್ತಾಗೋದು, ಮಾತಾಡ್ಬೇಕು ಅನ್ನಿಸೋದು, ಮಗೂಗೆ ಹಾಲು ಕೊಡೋದು, ಇವೆಲ್ಲಾ ದುಡಿಮೆಯ ಭಾಗವೇ ಅಂತ ಕಾಯ್ದೆ ಒಪ್ಕೊಂಡಿತ್ತು. ಫ್ಯಾಕ್ಟ್ರಿ ಗೇಟಿನ ಒಳಗೆ ಮಾತ್ರ.

ಗೇಟಿನ ಹೊರಗಿನೋರ ಪರವಾಗಿ ನಮ್ಮ ರಾಜ್ಯದ್ದೇ ಒಂದು ದೊಡ್ಡ ಕೇಸಿದೆ. ಮಂಗಳೂರು ಕಡೆ ಹೆಂಗಸ್ರು ಮನೇಲಿ ಬೀಡಿ ಕಟ್ಟೋದು ನಿಮಗೆಲ್ಲಾ ಗೊತ್ತು. 1966ರಲ್ಲಿ ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯ್ದೆ ಬಂತು. ಮನೆಯಲ್ಲಿ ಕೂತು ಕಟ್ಟುವವರೂ ನೌಕರರೇ ಅಂತ ಅದು ಹೇಳಿತು. ಬೀಡಿ ಮಾಲೀಕರು ಕೋರ್ಟಿಗೆ ಹೋದರು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಮತ್ತು ಭಾರತ ಸರ್ಕಾರದ ನಡುವಿನ ಆ ಕೇಸಲ್ಲಿ 1974ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನ ಎತ್ತಿಹಿಡಿಯಿತು. ಅಡುಗೆಮನೆ ಮೂಲೇಲಿ ಕೂತು ದುಡಿಯೋಳೂ ಕಾರ್ಮಿಕಳೇ ಅಂತ ಆಯ್ತು. ಊದ್ಗಡ್ಡಿ ಹೊಸೆಯೋರಿಗೆ ಅಂಥಾ ಒಂದು ಸ್ವಂತ ಕಾಯ್ದೆ ಬರ್ಲೇ ಇಲ್ಲ. ಅಹಮದಾಬಾದಿನ ಇಳಾ ಭಟ್ ಅವರ ಸೇವಾ ಸಂಘಟನೆ ಮತ್ತಿತರರು ಹೋರಾಡಿದ್ದಕ್ಕೆ 1996ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಮನೆಗೆಲಸಗಾರರಿಗೆ (ಮನೇಲಿ ಕೂತು ಕಂಪನಿ ಕೆಲಸ ಮಾಡೋರು, ಪಾತ್ರೆ ತೊಳೆಯೋರಲ್ಲ) ಅಂತಲೇ ಒಂದು ಒಪ್ಪಂದ ಮಾಡಿತು. ಭಾರತ ಅದಕ್ಕಿನ್ನೂ ಒಪ್ಪಿಗೆ ಕೊಟ್ಟಿಲ್ಲ.

ಊದ್ಗಡ್ಡಿ ಮಣೆ ನಮ್ಮ ಬೀದೀಲಿ ಮೂಲೆ ಸೇರಿದ್ದು ಹೇಗೆ ಅಂದ್ರೆ, ಮೊದಲು ಮಷೀನು ಬಂತು, ಆಮೇಲೆ ವಿಯೆಟ್ನಾಂ, ಚೀನಾದಿಂದ ಹೊಸೆದ ಕಡ್ಡೀನೇ ಬರೋಕೆ ಶುರುವಾಯ್ತು. 2019ರ ಆಗಸ್ಟಲ್ಲಿ ಸರ್ಕಾರ ಆ ಆಮದಿಗೆ ಕಡಿವಾಣ ಹಾಕ್ತು. ಅಷ್ಟೊತ್ತಿಗೆ ನಮ್ಮ ಜಗುಲಿಗಳನ್ನೇ ಒಡೆದು ಬಾಡಿಗೆ ಮನೆ ಕಟ್ಟಿ ಆಗಿತ್ತು.

ಊರಿನ ಇನ್ನೊಂದು ತುದೀಲಿ ಕತೆ ಬೇರೆ ಥರ ನಡೀತಿತ್ತು. 1970ರ ದಶಕದ ಕೊನೇಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆ ಹೊಲದಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರುಮಾಡಿತು, ಆರ್. ಕೆ. ಬಾಳಿಗಾ ಅವರ ಕನಸು ಅದು. 1985ರಲ್ಲಿ ಟೆಕ್ಸಾಸ್ ಇನ್ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ಉಪಗ್ರಹದ ಡಿಶ್ ಇಟ್ಕೊಂಡು ಇಲ್ಲಿಂದ್ಲೇ ವಿದೇಶಕ್ಕೆ ಕೆಲಸ ಕಳಿಸ್ತು. ಯೋಚನೆ ಮಾಡಿ, ಐಟಿ ಅನ್ನೋದೇ ಇಲ್ಲಿ ದೂರದಿಂದ ಕೆಲಸ ಮಾಡೋದ್ರಿಂದ ಹುಟ್ಟಿದ್ದು. ಹಾಗಿದ್ರೂ ಅಮೆರಿಕಕ್ಕೆ ಕೆಲಸ ಕಳಿಸೋಕೆ ಹುಡುಗೀರು ದಿನಾ ಎರಡು ಗಂಟೆ ಸಿಲ್ಕ್ ಬೋರ್ಡಲ್ಲಿ ಬಸ್ಸಲ್ಲಿ ಕೂರ್ಬೇಕಿತ್ತು!

ಕಾಯ್ದೆಯೊಳಗೆ ಮನೆಯಿಂದ ಕೆಲಸ ಅನ್ನೋ ಮಾತು ಕೊರೊನಾಗಿಂತ ಮುಂಚೆಯೇ ಬಂದಿತ್ತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯಲ್ಲಿ ರಜೆ 26 ವಾರಕ್ಕೆ ಏರಿತಲ್ಲ, ಅದರಲ್ಲೇ ಇನ್ನೊಂದು ಸಾಲಿತ್ತು: ರಜೆ ಮುಗಿದ ಮೇಲೆ, ಕೆಲಸ ಅಂಥದ್ದಾದರೆ, ತಾಯಿ ಮತ್ತು ಮಾಲೀಕರು ಒಪ್ಪಿಕೊಂಡು ಮನೆಯಿಂದ ಕೆಲಸ ಮಾಡಬಹುದು. ಎಷ್ಟು ಕಂಪನಿ ಅದನ್ನ ಹೇಳ್ತೋ, ಎಷ್ಟು ಜನ ಕೇಳಿದ್ರೋ! 2020ರ ಮಾರ್ಚಲ್ಲಿ ಮಾತ್ರ ಒಂದೇ ವಾರದಲ್ಲಿ ಎಲ್ಲಾ ಸಾಧ್ಯವಾಯ್ತು. ಕಾಲ್ ಸೆಂಟರುಗಳಿಗೆ ಇದ್ದ ಟೆಲಿಕಾಂ ಇಲಾಖೆ ಕಟ್ಟುಪಾಡನ್ನೂ ಸಡಿಲಿಸಿದ್ರು. ಮುಂದಿನ ವರ್ಷ ಹೊರವರ್ತುಲ ರಸ್ತೇಲಿ ಮೆಟ್ರೋ ಕೆಲಸ ಅಂತ, 2022ರ ಡಿಸೆಂಬರ್‌ವರೆಗೆ ಮನೆಯಿಂದ್ಲೇ ಕೆಲಸ ಮಾಡಿಸಿ ಅಂತ ರಾಜ್ಯ ಸರ್ಕಾರವೇ ಕಂಪನಿಗಳಿಗೆ ಸಲಹೆ ಕೊಡ್ತು. 2022ರ ಸೆಪ್ಟೆಂಬರಲ್ಲಿ ಅದೇ ರಸ್ತೆ ಮಳೆನೀರಲ್ಲಿ ಮುಳುಗಿದಾಗ ಮತ್ತೆ ಮನೆ.

ನಮ್ಮ ಓರಗಿತ್ತಿ ದೊಡ್ಡತೋಗೂರಿನ ಅಪಾರ್ಟ್‌ಮೆಂಟಲ್ಲಿ ಇರ್ತಾಳೆ, ಸಾಫ್ಟ್‌ವೇರ್ ಕೆಲಸ. ಸಂಬಳದಲ್ಲಿ ನಮ್ಮಮ್ಮನಿಗೂ ಅವಳಿಗೂ ಹೋಲಿಕೆನೇ ಇಲ್ಲ. ಪಿಎಫ್ ಇದೆ, ಇನ್ಶೂರೆನ್ಸ್ ಇದೆ. ಇಲ್ಲದ್ದು ಜಗುಲಿ. ಬೆಳಗ್ಗೆ ಒಂಬತ್ತೂವರೆಗೆ ಮೊದಲ ಮೀಟಿಂಗು, ರಾತ್ರಿ ಎಂಟೂವರೆಗೆ ಅಮೆರಿಕದೋರ ಕಾಲು. ನಡುವೆ ಕುಕ್ಕರ್ ವಿಷಲ್ಲು, ಮಗನ ಹೋಂವರ್ಕು, ಮಾವನ ಮಾತ್ರೆ. ಐದು ಗಂಟೆಗೊಮ್ಮೆ ಎದ್ದೇಳು ಅನ್ನೋಕೆ ಸೈರನ್ ಕೂಗಲ್ಲ. ಒಂದ್ಸಲ ಮೂರು ದಿನ ಜ್ವರದಲ್ಲೇ ಲಾಗಿನ್ ಆಗಿದ್ದಾಳೆ. ಹೆಸರಿನ ಪಕ್ಕ ಹಸಿರು ಚುಕ್ಕೆ ಉರೀತಿತ್ತು, ಹಾಗಾಗಿ ಆಫೀಸಲ್ಲಿ ಯಾರಿಗೂ ಗೊತ್ತಾಗ್ಲಿಲ್ಲ. ಎದುರು ಮನೆಯೋರಿಗೂ ಗೊತ್ತಾಗ್ಲಿಲ್ಲ. ನಾನು ಫೋನ್ ಮಾಡಿದಾಗ ಅವಳ ದನಿ ಕೇಳಿ ಓಡಿದ್ದು. "ಅಕ್ಕಾ, ದಿನಾ ನಲವತ್ತು ಜನರ ಹತ್ರ ಮಾತಾಡ್ತೀನಿ, ಒಬ್ರೂ ಮಾತಾಡ್ಸಲ್ಲ" ಅಂದ್ಳು.

ಮಧ್ಯದಲ್ಲಿ ಎದ್ದು ನಡೀರಿ, ನೀರು ಕುಡೀರಿ ಅಂತ ಎಲ್ರೂ ಹೇಳ್ತಾರೆ. ತಪ್ಪೇನಿಲ್ಲ, ಆದ್ರೆ ಕಾಯ್ದೇಲಿ ಬರೆದಿದ್ದ ಅರ್ಧ ಗಂಟೇನ ಒಬ್ಬೊಬ್ರೇ ಫೋನಲ್ಲಿ ಅಲಾರಂ ಇಟ್ಕೊಂಡು ಕಾಪಾಡ್ಕೊಳ್ಳೋದು ಎಷ್ಟು ದಿನ ನಡೆಯುತ್ತೆ? ಎರಡನೇ ವಾರಕ್ಕೆ ಅಲಾರಂ ಆಫ್. ಜಗುಲೀಲಿ ಅದು ನಡೀತಿದ್ದದ್ದು ಪಕ್ಕದಲ್ಲಿ ಇನ್ನೊಬ್ಳು ಇದ್ದದ್ದರಿಂದ. ಇದನ್ನೇ ನಾನು ಅವಳಿಗೆ ಹೇಳ್ದೆ, ಅಮ್ಮನ ಕತೆ ಸಮೇತ.

ಈಗ ವಾರಕ್ಕೆರಡು ದಿನ ಆಫೀಸು, ಹಳದಿ ಮೆಟ್ರೋ ಶುರುವಾದ್ಮೇಲೆ ಅದು ಅಷ್ಟು ಕಷ್ಟ ಇಲ್ಲ. ಮಂಗಳವಾರ, ಗುರುವಾರ ಲ್ಯಾಪ್‌ಟಾಪ್ ಎತ್ಕೊಂಡು ಎದುರು ಮನೆಗೇ ಹೋಗ್ತಾಳೆ. ಆಂಧ್ರದೋರು ಅವ್ರು, ಆಯಮ್ಮನದ್ದು ಬೇರೆ ಕಂಪನಿ. ಒಂದೇ ಊಟದ ಟೇಬಲ್ಲು, ಇಬ್ರ ಕಿವೀಲೂ ಇಯರ್‌ಫೋನು. ಒಂದು ಗಂಟೆಗೆ ಎರಡೂ ಮುಚ್ಚಲೇಬೇಕು, ಅದು ಅವರ ಕಾನೂನು. ಆಯಮ್ಮ ಪಪ್ಪು ಮಾಡ್ತಾರೆ, ಇವಳು ಬಸ್ಸಾರು ಒಯ್ತಾಳೆ. ಹೋದ ವಾರ ಮೂರನೇ ಮಹಡಿ ಹುಡುಗಿ ಬಂದು, ನನಗೂ ಒಂದು ಪ್ಲಗ್ ಪಾಯಿಂಟ್ ಸಿಗುತ್ತಾ ಅಂತ ಕೇಳಿದ್ಳಂತೆ. ಎಕ್ಸ್‌ಟೆನ್ಶನ್ ಬೋರ್ಡು ತಂದಿದಾರೆ.