ಹನೂರಿನ ತರಗತಿಗೆ ದೂರದ ಮೇಷ್ಟ್ರು

ಹನೂರಿನಿಂದ ಕೌದಳ್ಳಿ, ತಾಳಬೆಟ್ಟ ದಾಟಿ ಮಲೆ ಮಹದೇಶ್ವರ ಬೆಟ್ಟ ಏರುವ ದಾರಿಯಲ್ಲಿ ಊರಿಗಿಂತ ಕಾಡೇ ಹೆಚ್ಚು. ಗೋಪಿನಾಥಂ ತಮಿಳುನಾಡಿನ ಗಡಿಗೆ ಅಂಟಿಕೊಂಡಿದೆ. ಇಂಡಿಗನತ್ತ, ಮೆಂದಾರೆಯಂಥ ಊರುಗಳಿಗೆ ನೆಟ್ಟಗೊಂದು ರಸ್ತೆ ಸಿಗುವುದೇ ದೊಡ್ಡ ಹೋರಾಟ. ಇಂಥ ಕಡೆ ಗಣಿತದ ಮೇಷ್ಟ್ರನ್ನು ಉಳಿಸಿಕೊಳ್ಳುವುದೇ ಕಷ್ಟ. ಹೀಗಿರುವಾಗ, ಕಂಪ್ಯೂಟರ್ ವಿಜ್ಞಾನ ಓದಿದವರು ಬೆಂಗಳೂರಿನ ಕೆಲಸ ಬಿಟ್ಟು ಇಲ್ಲಿಗೆ ಬಂದು ಪಾಠ ಮಾಡುತ್ತಾರೆಂದು ಕಾದರೆ ಎಷ್ಟೋ ತಲೆಮಾರಿನ ಮಕ್ಕಳು ಶಾಲೆ ಮುಗಿಸಿ ಹೋಗಿರುತ್ತಾರೆ. ಉಳಿದ ದಾರಿ, ದೂರದಿಂದಲೇ ಕಲಿಸುವುದು. ಕರ್ನಾಟಕದಲ್ಲಿ ಈ ಪ್ರಯತ್ನಕ್ಕೆ ಐವತ್ತು ವರ್ಷಗಳ ಚರಿತ್ರೆಯಿದೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ಇದೇ ಚಾಮರಾಜನಗರ ಜಿಲ್ಲೆಯಲ್ಲಿ.

ಆಕಾಶದಿಂದ ಬಂದ ಪಾಠ

1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ 'ಸೈಟ್' ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ತಲುಪಿತು. ನಮ್ಮಲ್ಲಿ ಕಲಬುರಗಿ, ರಾಯಚೂರು, ವಿಜಯಪುರದ ಹಳ್ಳಿಗಳಿಗೆ ಆ ಅವಕಾಶ ಸಿಕ್ಕಿತ್ತು. ಬೆಳಗಿನ ಹೊತ್ತು ಶಾಲಾಮಕ್ಕಳಿಗೆಂದೇ ಕನ್ನಡದ ಕಾರ್ಯಕ್ರಮಗಳಿದ್ದವು. ಆದರೆ ಮಾತು ಒಂದೇ ಕಡೆಯಿಂದ. 1996ರ ಜನವರಿಯಲ್ಲಿ ಇಸ್ರೋ ಮತ್ತು ಇಗ್ನೋ ಕೂಡಿ ರಾಜ್ಯದ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಉಪಗ್ರಹದ ಮೂಲಕ ತರಬೇತಿ ಕೊಟ್ಟಾಗ ಒಂದು ಹೆಜ್ಜೆ ಮುಂದೆ ಹೋದಂತಾಯಿತು: ಚಿತ್ರ ಒಂದೇ ಕಡೆಯಿಂದ ಬಂದರೂ, ಕಲಿಯುವವರು ಪ್ರಶ್ನೆ ಕೇಳಬಹುದಿತ್ತು.

2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೇ ಮೀಸಲಾದ ಭಾರತದ ಮೊದಲ ಉಪಗ್ರಹ ಎಜುಸ್ಯಾಟ್ ಶ್ರೀಹರಿಕೋಟಾದಿಂದ ಹಾರಿತು. ಅದರ ಪ್ರಾಥಮಿಕ ಶಿಕ್ಷಣದ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆಯ್ಕೆಯಾದದ್ದು ಚಾಮರಾಜನಗರ. ಹನೂರು ಆಗಿನ್ನೂ ಕೊಳ್ಳೇಗಾಲ ತಾಲ್ಲೂಕಿನ ಭಾಗ. ಜಿಲ್ಲೆಯ ಎಂಟುನೂರಕ್ಕೂ ಹೆಚ್ಚು ಶಾಲೆಗಳ ಮೇಲೆ ಡಿಶ್ ಕುಳಿತವು. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯ (ಡಿಎಸ್‌ಇಆರ್‌ಟಿ) ಪಾಠಗಳು ಬೆಂಗಳೂರಿನಿಂದ ಬಂದವು. ಒಳ್ಳೆಯ ಪಾಠವೊಂದು ಬೆಟ್ಟದ ಶಾಲೆಗೂ ಬಯಲಿನ ಶಾಲೆಗೂ ಒಂದೇ ಗಳಿಗೆಯಲ್ಲಿ ತಲುಪಬಲ್ಲುದು ಎಂಬುದನ್ನು ಅದು ತೋರಿಸಿತು. ಮಿತಿಯೂ ಅಷ್ಟೇ ಸ್ಪಷ್ಟ. ಇವು ಸ್ವೀಕರಿಸಲು ಮಾತ್ರ ಬಲ್ಲ ಉಪಕರಣಗಳು. ಪ್ರಸಾರದ ಹೊತ್ತಿಗೆ ಕರೆಂಟ್ ಹೋದರೆ ಪಾಠವೂ ಹೋಯಿತು. ಮಗುವಿಗೆ ಅರ್ಥವಾಯಿತೇ ಎಂದು ಪರದೆಯೊಳಗಿನ ಮೇಷ್ಟ್ರಿಗೆ ಗೊತ್ತಾಗುತ್ತಿರಲಿಲ್ಲ. 2010ರಲ್ಲಿ ಎಜುಸ್ಯಾಟ್ ತನ್ನ ಆಯುಸ್ಸು ಮುಗಿಸಿತು.

ಯಂತ್ರ ಬಂತು, ಕಲಿಸುವವರು ನಿಲ್ಲಲಿಲ್ಲ

ಕಂಪ್ಯೂಟರ್ ಶಿಕ್ಷಣದ ಕತೆ ಬೇರೊಂದು ಹಳಿಯ ಮೇಲೆ ಓಡಿತು. 1984ರಲ್ಲಿ ಕೇಂದ್ರ ಸರ್ಕಾರದ 'ಕ್ಲಾಸ್' ಯೋಜನೆ ಬಿಬಿಸಿ ಮೈಕ್ರೋ ಯಂತ್ರಗಳನ್ನು ಆಯ್ದ ಶಾಲೆಗಳಿಗೆ ತಂದಿತು. 2001ರ ಸುಮಾರಿಗೆ ಕರ್ನಾಟಕದ 'ಮಾಹಿತಿ ಸಿಂಧು' ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೋಣೆ ಒದಗಿಸಿತು. ಆಮೇಲೆ ಬಂದ ಐಸಿಟಿ ಯೋಜನೆಯಲ್ಲೂ ಖಾಸಗಿ ಕಂಪನಿಯೇ ಕೋಣೆ ಕಟ್ಟಿ, ನಡೆಸಿ, ಕರಾರಿನ ವರ್ಷಗಳು ಮುಗಿದ ಮೇಲೆ ಶಾಲೆಗೆ ಒಪ್ಪಿಸುವ ಪದ್ಧತಿ. ಕಲಿಸುತ್ತಿದ್ದವರು ಗುತ್ತಿಗೆಯವರು. ಕರಾರು ಮುಗಿದಾಗ ಯಂತ್ರಗಳು ಶಾಲೆಯಲ್ಲಿ ಉಳಿದವು, ಕಲಿಸುವವರು ಹೊರಟುಹೋದರು. ಶಾಲೆಯ ಕಾಯಂ ಶಿಕ್ಷಕರಿಗೆ ಆ ಕೋಣೆ ಪರರ ಮನೆಯಂತೆಯೇ ಇತ್ತು.

ಈ ಕೊರತೆ ಮನವರಿಕೆಯಾಗಿ 2011ರಿಂದ 'ವಿಷಯ ಶಿಕ್ಷಕರ ವೇದಿಕೆ'ಯಲ್ಲಿ ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರಿಗೇ ಕಂಪ್ಯೂಟರ್ ಬಳಕೆಯ ತರಬೇತಿ ಶುರುವಾಯಿತು. 2016ರ ನಂತರ ತಂತ್ರಜ್ಞಾನದ ನೆರವಿನ ಕಲಿಕೆಗಾಗಿ ಬಂದ 'ಟಾಲ್ಪ್' ಕಾರ್ಯಕ್ರಮ ಅದೇ ದಾರಿ ಹಿಡಿಯಿತು. ಇದೇ ಅವಧಿಯಲ್ಲಿ ಉಪಗ್ರಹದ ಪಾಠಗಳೂ ಮರಳಿ ಬಂದವು. ಸಾವಿರಕ್ಕೂ ಹೆಚ್ಚು ಗ್ರಾಮೀಣ ಸರ್ಕಾರಿ ಶಾಲೆಗಳಲ್ಲಿ ನಡೆದ ಆ ಕಾರ್ಯಕ್ರಮವನ್ನು ಬೆಂಗಳೂರಿನ ಐಐಎಂನ ಗೋಪಾಲ್ ನಾಯಕ್ ಮತ್ತು ಸಂಗಡಿಗರು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನ, ಕಲಿಕೆ ಸುಧಾರಿಸಿದ್ದನ್ನು ದಾಖಲಿಸಿತು. ಆದರೆ ಅಲ್ಲಿದ್ದ ವಿಷಯಗಳು ಗಣಿತ, ವಿಜ್ಞಾನ, ಇಂಗ್ಲಿಷ್. ಹೀಗೆ ಕಂಪ್ಯೂಟರ್ ಒಂದು ಹಳಿಯಲ್ಲಿ, ದೂರಬೋಧನೆ ಇನ್ನೊಂದರಲ್ಲಿ ಓಡಿದವು.

ಗಡಿಯಾಚೆಯ ಕಾಸರಗೋಡಿನಲ್ಲಿ ಬೇರೆಯೇ ಚಿತ್ರ. ಕೇರಳದಲ್ಲಿ ಐಟಿ ಶಾಲಾ ಪಠ್ಯದ ಕಡ್ಡಾಯ ಭಾಗ. ಅದರ ಪಠ್ಯಪುಸ್ತಕ ಕನ್ನಡದಲ್ಲೂ ಅಚ್ಚಾಗುತ್ತದೆ. ಪಾಠ ಮಾಡುವವರು ಇತರ ವಿಷಯಗಳ ಶಿಕ್ಷಕರೇ, ಸರ್ಕಾರದ 'ಕೈಟ್' ಸಂಸ್ಥೆಯಿಂದ ತರಬೇತಿ ಪಡೆದವರು. ಕನ್ನಡದಲ್ಲಿ ಇದು ಸಾಧ್ಯವೇ ಎಂದು ಕೇಳುವವರಿಗೆ ಅದೇ ಉತ್ತರ.

ಎರಡೂ ಕಡೆಯ ಮಾತು

ಇಂಟರ್ನೆಟ್ ಬಂದ ಮೇಲೆ ದೂರದ ಮೇಷ್ಟ್ರಿಗೆ ಮಗುವಿನ ಮುಖ ಕಾಣತೊಡಗಿತು. 2011ರ ಹೊತ್ತಿಗೆ ಬೆಂಗಳೂರಿನಲ್ಲಿ ಹುಟ್ಟಿದ ಇ-ವಿದ್ಯಾಲೋಕ, ಎಲ್ಲೆಲ್ಲೋ ಇರುವ ಸ್ವಯಂಸೇವಕರನ್ನು ಹಳ್ಳಿಶಾಲೆಗಳಿಗೆ ಜೋಡಿಸಿ ಮಕ್ಕಳ ಭಾಷೆಯಲ್ಲೇ ಪಾಠ ಮಾಡಿಸಿತು. ಅಮೆರಿಕದಲ್ಲಿ 2009ರಲ್ಲಿ ಮೊದಲಾದ 'ಟೀಲ್ಸ್' ಸಾಫ್ಟ್‌ವೇರ್ ಎಂಜಿನಿಯರುಗಳನ್ನು ಶಾಲಾ ಶಿಕ್ಷಕರ ಜೊತೆಗೂಡಿಸಿತು. ಎರಡು ಮೂರು ವರ್ಷಗಳಲ್ಲಿ ಶಿಕ್ಷಕರೇ ಸ್ವತಂತ್ರವಾಗಿ ಕಲಿಸುವಂತಾಗಬೇಕು ಎಂಬುದು ಅದರ ಗುರಿಯಾಗಿತ್ತು. ಉರುಗ್ವೆಯಲ್ಲಿ 2017ರಿಂದ ಗಣಕ ಚಿಂತನೆಯ (ಸಮಸ್ಯೆಯನ್ನು ಹಂತ ಹಂತವಾಗಿ ಬಿಡಿಸುವ ಕ್ರಮದ) ಪಾಠವನ್ನು ದೂರದ ಶಿಕ್ಷಕರು ವಿಡಿಯೋ ಮೂಲಕ ನಡೆಸುತ್ತಾರೆ. ತರಗತಿಯ ಶಿಕ್ಷಕರು ಪಕ್ಕದಲ್ಲೇ ಇದ್ದು ವಾರವಿಡೀ ಮುಂದುವರಿಸುತ್ತಾರೆ.

2020ರ ಕೋವಿಡ್ ಕಾಲದಲ್ಲಿ ನಾವು ಮತ್ತೆ ಒಂದೇ ಕಡೆಯ ಮಾತಿಗೆ ಮರಳಿದೆವು: ಜುಲೈನಲ್ಲಿ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಶುರುವಾದವು. ಕೆಲವೇ ದಿನಗಳಲ್ಲಿ 'ವಿದ್ಯಾಗಮ' ಯೋಜನೆಯಡಿ ಶಿಕ್ಷಕರನ್ನೇ ಮಕ್ಕಳಿದ್ದಲ್ಲಿಗೆ ಕಳಿಸಬೇಕಾಯಿತು.

ಈ ವಿಷಯಕ್ಕೆ ಏನು ಬೇಕು

ಮಾತು ಎರಡೂ ಕಡೆಯಿಂದ ನಡೆಯಬೇಕು, ಮಗುವಿನ ಪಕ್ಕದಲ್ಲಿ ಶಿಕ್ಷಕರಿರಬೇಕು ಎಂಬ ಈ ಚರಿತ್ರೆಯ ಪಾಠ ಕಂಪ್ಯೂಟರ್ ವಿಜ್ಞಾನಕ್ಕೆ ಇನ್ನಷ್ಟು ಗಟ್ಟಿಯಾಗಿ ಅನ್ವಯಿಸುತ್ತದೆ. ಪೈಥಾನ್‌ನಲ್ಲಿ ಷರತ್ತಿನ ಸಾಲಿನ ಕೊನೆಗೆ ಒಂದು ಕೋಲನ್ ಬಿಟ್ಟುಹೋದರೆ ಇಡೀ ಪ್ರೋಗ್ರಾಂ ನಿಂತುಬಿಡುತ್ತದೆ. ತಪ್ಪೆಲ್ಲಿದೆ ಎಂದು ಯಂತ್ರ ಹೇಳುವುದು ಇಂಗ್ಲಿಷಿನಲ್ಲಿ. ಮಗುವಿನ ಪರದೆ ನೋಡಿ ಬೆರಳಿಟ್ಟು ತೋರಿಸುವವರು ಆ ಕ್ಷಣ ಸಿಗದಿದ್ದರೆ, 'ಇದು ನನಗೆ ಹತ್ತದ ವಿದ್ಯೆ' ಎಂದು ಮಗು ಕೈಚೆಲ್ಲುತ್ತದೆ. ಹಾಗಾಗಿ ದೂರದ ಮೇಷ್ಟ್ರಿಗೆ ಮಗುವಿನ ಪರದೆಯೂ ಕಾಣಬೇಕು.

ಸಿಗ್ನಲ್ ಸಿಗದ ದಿನಕ್ಕೂ ದಾರಿಯಿದೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಕನ್ನಡದಲ್ಲಿವೆ. ಇಳಿಸಿಟ್ಟುಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ. ಕಂಪ್ಯೂಟರ್ ವೃತ್ತಿಪರರ ಸಂಘ ಎಸಿಎಂ ಇಂಡಿಯಾದ 'ಸಿಎಸ್‌ಪಾಠಶಾಲಾ' 2016ರಿಂದ ಯಂತ್ರವಿಲ್ಲದೆಯೇ ಗಣಕ ಚಿಂತನೆ ಕಲಿಸುವ ಚಟುವಟಿಕೆಗಳನ್ನು ರೂಪಿಸುತ್ತಿದೆ. ನಮ್ಮ ಅಳಗುಳಿ ಮಣೆಯನ್ನೇ ನೋಡಿ: ಗುಳಿಯ ಕಾಳೆತ್ತು, ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕು, ಕೈಯಲ್ಲಿ ಕಾಳು ಇರುವವರೆಗೆ ಹೀಗೇ ಮಾಡು. ಪ್ರೋಗ್ರಾಂನ 'ಲೂಪ್' ಎಂದರೆ ಇದೇ. ಅಜ್ಜಿಯೊಡನೆ ಆಡಿದ ಮಗುವಿಗೆ ಅದು ಆಗಲೇ ಗೊತ್ತಿದೆ. ಆ ತಿಳಿವಿಗೆ ಹೆಸರಿಡುವವರು ಬೇಕು.

ಆ ಹೆಸರಿಡುವವರು ಶಾಲೆಯಲ್ಲಿ ಈಗಾಗಲೇ ಇರುವ ಶಿಕ್ಷಕರೇ ಆಗಬಲ್ಲರು. ವಾರಕ್ಕೆರಡು ಪಿರಿಯಡ್ ವೇಳಾಪಟ್ಟಿಯಲ್ಲಿ ಖಚಿತವಾಗಿರಲಿ. ಒಂದರಲ್ಲಿ ದೂರದ ತಜ್ಞರು ಮಾತಾಡಲಿ, ಇನ್ನೊಂದನ್ನು ಶಾಲೆಯ ಶಿಕ್ಷಕರು ನಡೆಸಲಿ. ಅದಕ್ಕೆ ಬೇಕಾದ ತರಬೇತಿ, ಬಿಡುವು, ಗೌರವ ಅವರಿಗೆ ಸಿಗಲಿ. ಡಿಶ್, ಕಂಪ್ಯೂಟರ್ ಕೋಣೆ ಎಲ್ಲವನ್ನೂ ಈ ಜಿಲ್ಲೆ ಕಂಡಿದೆ. ಮುಂದಿನ ಯೋಜನೆಯ ಕಡತ ಹನೂರಿಗೆ ಬರುವಾಗ, ಯಂತ್ರಗಳ ಸಂಖ್ಯೆಗಿಂತ ಮೊದಲ ಸಾಲಿನಲ್ಲಿ ಆ ಶಿಕ್ಷಕರ ತರಬೇತಿಯ ದಿನಗಳು ಬರೆದಿರಲಿ.